ಫಾರ್ಮ್ಯಾಟ್‌ಗೆ ಮುಂಚೆ ಎರಡನೇ ಹಾರ್ಡ್ ಡಿಸ್ಕ್: ಹಾಕಿ, ತುಂಬಿ, ಬಿಚ್ಚಿಡಿ

ಕಂಪ್ಯೂಟರ್ ಹಠ ಹಿಡಿದು ಕೂತಾಗ ಎಲ್ಲರೂ ಕೊಡುವ ಸಲಹೆ ಒಂದೇ. "ಫಾರ್ಮ್ಯಾಟ್ ಮಾಡಿಬಿಡಿ." ಫೈಲುಗಳ ಗತಿ ಏನು ಅಂತ ಕೇಳಿದರೆ "ಡಿ ಡ್ರೈವ್‌ಗೆ ಹಾಕಿದರಾಯ್ತು, ಅದಕ್ಕೇನೂ ಆಗಲ್ಲ" ಅನ್ನುತ್ತಾರೆ. ಈ ಮಾತನ್ನು ಪೂರ್ತಿ ನಂಬಬೇಡಿ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಸಿ, ಡಿ ಅಂತ ಎರಡು ಹೆಸರು ಕಂಡರೂ ಒಳಗಿರುವುದು ಒಂದೇ ಡಿಸ್ಕ್. ಅದನ್ನೇ ಎರಡು ಭಾಗ ಮಾಡಿಟ್ಟಿರುತ್ತಾರೆ, ಅಷ್ಟೆ. ಡಿಸ್ಕೇ ಕೈಕೊಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಜೊತೆಗೆ, ಕಂಪ್ಯೂಟರ್ ತಯಾರಕರು ಕೊಟ್ಟ ರಿಕವರಿಯನ್ನು (ವಿಂಡೋಸನ್ನು ಮೊದಲಿನ ಸ್ಥಿತಿಗೆ ತರುವ ಪ್ರೋಗ್ರಾಂ) ಓಡಿಸಿದಾಗ ಅದು ಇಡೀ ಡಿಸ್ಕನ್ನೇ ಅಳಿಸಿ ಹೊಸದಾಗಿ ಭಾಗ ಮಾಡುವುದೂ ಉಂಟು.

ನಿಮ್ಮಲ್ಲಿ ಹೇಗಿದೆ ಅಂತ ನೋಡುವುದು ಸುಲಭ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ಗೆ ಹೋಗಿ. 'ಡಿಸ್ಕ್ 0' ಅಂತ ಒಂದೇ ಸಾಲಿದ್ದು ಅದರ ಪಕ್ಕದಲ್ಲೇ ಸಿ, ಡಿ ಎರಡೂ ಬರೆದಿದ್ದರೆ ನಿಮ್ಮ ಹತ್ತಿರ ಇರುವುದು ಒಂದೇ ಡಿಸ್ಕ್. ಹಾಗಾದರೆ ಬೇರೆಯದೊಂದು ಬೇಕೇ ಬೇಕು.

ವಿಂಡೋಸ್‌ನ ರೀಸೆಟ್‌ನಲ್ಲಿ 'ಕೀಪ್ ಮೈ ಫೈಲ್ಸ್' ಅಂತ ಇದೆಯಲ್ಲ, ಅದು ಸಾಲದಾ ಅಂತ ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಫೋಟೊ, ಡಾಕ್ಯುಮೆಂಟ್‌ಗಳನ್ನು ಉಳಿಸಿಕೊಂಡು ಪ್ರೋಗ್ರಾಂಗಳನ್ನು ತೆಗೆದುಹಾಕುತ್ತದೆ. ಆದರೆ ಮಧ್ಯದಲ್ಲಿ ಕರೆಂಟ್ ಹೋದರೆ, ಡಿಸ್ಕ್ ಮೊದಲೇ ಸೊರಗಿದ್ದರೆ, ಅಥವಾ ಪಕ್ಕದ ಬಟನ್ ಒತ್ತಿಬಿಟ್ಟರೆ ಅದರ ಭರವಸೆ ಅಲ್ಲಿಗೆ ಮುಗಿಯಿತು.

ಯಾವ ಡಿಸ್ಕ್?

ಡೆಸ್ಕ್‌ಟಾಪ್ ಆದರೆ ಮೂರೂವರೆ ಇಂಚಿನ ಸಾಟಾ ಹಾರ್ಡ್ ಡಿಸ್ಕ್ ಸಾಕು (ಸಾಟಾ ಅಂದರೆ ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಒಂದು ಬಗೆ). ತಿರುಗುವ ತಟ್ಟೆಗಳಿಲ್ಲದ ಎಸ್‌ಎಸ್‌ಡಿ ವೇಗ ನಿಜ, ಆದರೆ ನಕಲು ಇಡುವುದಕ್ಕೆ ಅಷ್ಟು ವೇಗ ಬೇಕಿಲ್ಲ, ಅದೇ ಹಣಕ್ಕೆ ಹಾರ್ಡ್ ಡಿಸ್ಕ್‌ನಲ್ಲಿ ಜಾಸ್ತಿ ಜಾಗ ಸಿಗುತ್ತದೆ. ಈಗ ತುಂಬಿರುವ ಜಾಗದ ಎರಡರಷ್ಟು ಇರುವಂಥದ್ದು ನೋಡಿ. 1 ಟಿಬಿ ಡಿಸ್ಕನ್ನು ವಿಂಡೋಸ್ 931 ಜಿಬಿ ಅಂತ ತೋರಿಸಿದರೆ ಗಾಬರಿಯಾಗಬೇಡಿ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.

ಲ್ಯಾಪ್‌ಟಾಪ್ ಆದರೆ ಬಿಚ್ಚುವ ಗೋಜು ಬೇಡ, ಯುಎಸ್‌ಬಿ ಎಕ್ಸ್‌ಟರ್ನಲ್ ಡಿಸ್ಕ್ ಸಾಕು. ಒಂದು ಮಾತು ನೆನಪಿರಲಿ: ಹಳೆಯ ಯುಎಸ್‌ಬಿ 2.0 ಪೋರ್ಟ್‌ಗೆ ಚುಚ್ಚಿದರೆ 500 ಜಿಬಿ ನಕಲಾಗಲು ನಾಲ್ಕು ಗಂಟೆಯಾದರೂ ಬೇಕು. ನೀಲಿ ಬಣ್ಣದ 3.0 ಪೋರ್ಟ್ ಇದ್ದರೆ ಅದನ್ನೇ ಬಳಸಿ.

ಕ್ಯಾಬಿನೆಟ್ ಒಳಗೆ

ಶಟ್‌ಡೌನ್ ಮಾಡಿ, ಹಿಂದಿನ ಪವರ್ ಕೇಬಲ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಬಿಡಿ. ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಪಕ್ಕದ ಬಾಗಿಲು ತೆಗೆದ ಮೇಲೆ ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಟ್ಯಾಟಿಕ್ ಅಲ್ಲೇ ಇಳಿದುಹೋಗಲಿ, ಸರ್ಕ್ಯೂಟ್ ಮೇಲೆ ಬೇಡ.

ಬೇಕಾಗಿರುವುದು ಎರಡು ಕೇಬಲ್. ಒಂದು ಡೇಟಾ ಕೇಬಲ್, ಚಪ್ಪಟೆಯಾಗಿ ತೆಳ್ಳಗಿರುತ್ತದೆ, ಮದರ್‌ಬೋರ್ಡ್‌ನಿಂದ ಡಿಸ್ಕ್‌ಗೆ. ಇನ್ನೊಂದು ಪವರ್ ಕೇಬಲ್, ಅಗಲವಾದ ಬಾಯಿಯದ್ದು, ಒಳಗೆ ಕರೆಂಟ್ ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ ಬರುತ್ತದೆ. ಎಸ್‌ಎಂಪಿಎಸ್ ಕೇಬಲ್‌ಗಳ ಗೊಂಚಲಲ್ಲಿ ಬಳಸದ ಒಂದು ತುದಿ ಸಾಮಾನ್ಯವಾಗಿ ಸಿಗುತ್ತದೆ. ಡೇಟಾ ಕೇಬಲ್ ಮಾತ್ರ ಹಾರ್ಡ್ ಡಿಸ್ಕ್ ಜೊತೆ ಬರದೇ ಇರುವುದೇ ಹೆಚ್ಚು, ಮೊದಲೇ ತಂದಿಟ್ಟುಕೊಳ್ಳಿ. ಎರಡರ ಬಾಯಿಯೂ ಇಂಗ್ಲಿಷಿನ ಎಲ್ ಆಕಾರದಲ್ಲಿರುವುದರಿಂದ ತಿರುಗಾಮುರುಗಾ ಕೂರುವುದಿಲ್ಲ. ಕೂರುತ್ತಿಲ್ಲ ಅಂದರೆ ಒತ್ತಬೇಡಿ, ತಿರುಗಿಸಿ ನೋಡಿ. ಒತ್ತಡಕ್ಕೆ ಆ ಪುಟ್ಟ ಪ್ಲಾಸ್ಟಿಕ್ ನಾಲಿಗೆ ಮುರಿದರೆ ಹೊಸ ಡಿಸ್ಕ್ ಅವತ್ತೇ ಹೋಯಿತು.

ಡಿಸ್ಕನ್ನು ಅದರ ಗೂಡಿಗೆ ತಳ್ಳಿ ಎರಡೂ ಬದಿ ಸ್ಕ್ರೂ ಹಾಕಿ. ಸುಮ್ನೆ ತೂಗಾಡುವಂತೆ ಬಿಡಬೇಡಿ, ಒಳಗೆ ತಿರುಗುವ ತಟ್ಟೆಗಳಿಗೆ ಅಲುಗಾಟ ಆಗದು.

ಆನ್ ಮಾಡಿದಾಗ 'ಬೂಟ್ ಡಿವೈಸ್ ಇಲ್ಲ' ಅನ್ನುವಂಥ ಸಂದೇಶ ಬಂದರೆ ಹೆದರಬೇಡಿ. ಕಂಪ್ಯೂಟರ್ ಖಾಲಿ ಡಿಸ್ಕ್‌ನಲ್ಲಿ ವಿಂಡೋಸ್ ಹುಡುಕುತ್ತಿರಬಹುದು, ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಹಳೆಯ ಡಿಸ್ಕನ್ನು ಮೊದಲಿಗೆ ತನ್ನಿ. ಹೊಸ ಡಿಸ್ಕ್ ಬಯಾಸ್‌ನಲ್ಲೂ ಕಾಣಲೇ ಇಲ್ಲವಾದರೆ ಕೇಬಲನ್ನು ಬೇರೆ ಸಾಟಾ ಪೋರ್ಟ್‌ಗೆ ಹಾಕಿ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಬೋರ್ಡ್ ಮೇಲೇ ಕೂರುವ ಎಂ.2 ಎಸ್‌ಎಸ್‌ಡಿ ಇದ್ದರೆ ಒಂದೆರಡು ಸಾಟಾ ಪೋರ್ಟ್ ತಾವಾಗಿಯೇ ಮಲಗಿಬಿಡುತ್ತವೆ.

ಈಗ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಹೊಸ ಡಿಸ್ಕನ್ನು 'ಇನಿಶಿಯಲೈಸ್' ಮಾಡಬೇಕಾ ಅಂತ ಅದೇ ಕೇಳುತ್ತದೆ. ಡಿಸ್ಕ್‌ನ ಭಾಗಗಳ ಲೆಕ್ಕ ಇಡುವ ಎರಡು ಬಗೆಗಳಲ್ಲಿ ಜಿಪಿಟಿ ಆರಿಸಿ, ಏಕೆಂದರೆ ಹಳೆಯ ಎಂಬಿಆರ್‌ಗೆ 2 ಟಿಬಿ ದಾಟಿದ ಜಾಗ ಸಿಗುವುದಿಲ್ಲ. ಆಮೇಲೆ ಕಪ್ಪು ಪಟ್ಟಿ ಇರುವ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್, 'ನ್ಯೂ ಸಿಂಪಲ್ ವಾಲ್ಯೂಮ್', ಎನ್‌ಟಿಎಫ್‌ಎಸ್, ಕ್ವಿಕ್ ಫಾರ್ಮ್ಯಾಟ್. ಹೆಸರು ಕೇಳುವಲ್ಲಿ 'ನ್ಯೂ ವಾಲ್ಯೂಮ್' ಅಂತಲೇ ಬಿಡಬೇಡಿ, 'ನಕಲು' ಅಂತಲೋ ಏನೋ ಒಂದು ಗುರುತಿನ ಹೆಸರು ಕೊಡಿ. ಎಚ್ಚರ: ಮೊದಲೇ ಫೈಲುಗಳಿದ್ದ ಹಳೆಯ ಡಿಸ್ಕನ್ನು ಹಾಕಿದಾಗಲೂ ಇದೇ ಇನಿಶಿಯಲೈಸ್ ಪ್ರಶ್ನೆ ಬಂದರೆ 'ಓಕೆ' ಒತ್ತಬೇಡಿ. ಅದರಲ್ಲಿ ಏನೋ ಕೆಟ್ಟಿದೆ ಅಂತ ಅರ್ಥ.

ನಕಲು ಮಾಡುವಾಗ ಬಿಟ್ಟುಹೋಗುವುದು

ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಿರುತ್ತದೆ. ಡೌನ್‌ಲೋಡ್ಸ್ ಮತ್ತು ಡೆಸ್ಕ್‌ಟಾಪ್ ಮರೆಯುತ್ತಾರೆ. ಅದಕ್ಕೇ ಒಂದೊಂದಾಗಿ ಆರಿಸುವ ಬದಲು ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್‌ನಲ್ಲಿ ನಿಮ್ಮ ಹೆಸರಿರುವ ಇಡೀ ಫೋಲ್ಡರನ್ನು ನಕಲು ಮಾಡಿ. ನಕಲಿಗೆ ಮುಂಚೆ ವ್ಯೂನಲ್ಲಿ 'ಹಿಡನ್ ಐಟಮ್ಸ್' ಆನ್ ಮಾಡಿಕೊಳ್ಳಿ, ಆಗ ಆ್ಯಪ್‌ಡೇಟಾ ಕಾಣುತ್ತದೆ, ಎಷ್ಟೋ ಪ್ರೋಗ್ರಾಂಗಳ ಸೆಟ್ಟಿಂಗ್ ಅಲ್ಲೇ ಇರುತ್ತದೆ. ಕೆಲವು ಫೈಲುಗಳು ಬಳಕೆಯಲ್ಲಿವೆ ಅಂತ ತಕರಾರು ಮಾಡುತ್ತವೆ, ಸ್ಕಿಪ್ ಒತ್ತಿ ಮುಂದೆ ಹೋಗಿ. ನೀವೇ ಹಾಕಿಕೊಂಡ ಫಾಂಟ್‌ಗಳು ಈ ಫೋಲ್ಡರ್‌ನಲ್ಲಿ ಸಿಗದೇ ಇರಬಹುದು, ಅವನ್ನು ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ತೆಗೆದುಕೊಳ್ಳಿ. ಲೆಕ್ಕಪತ್ರದ ಪ್ರೋಗ್ರಾಂಗಳಂತೂ ಸಿ ಡ್ರೈವ್‌ನ ಬೇರೆಲ್ಲೋ ಒಂದು ಮೂಲೆಯಲ್ಲಿ ಡೇಟಾ ಇಟ್ಟಿರುತ್ತವೆ. ಆ ಪ್ರೋಗ್ರಾಂ ತೆರೆದು ಅದರದ್ದೇ ಬ್ಯಾಕಪ್ ಆಯ್ಕೆ ಬಳಸುವುದು ಒಳ್ಳೆಯದು.

ಕ್ರೋಮ್, ಎಡ್ಜ್‌ನಂಥ ಬ್ರೌಸರ್‌ಗಳ ಪಾಸ್‌ವರ್ಡ್‌ಗಳು ಫೋಲ್ಡರ್ ನಕಲು ಮಾಡಿದರೆ ಬರುವುದಿಲ್ಲ. ಅವು ನಿಮ್ಮ ಈಗಿನ ವಿಂಡೋಸ್ ಖಾತೆಗೆ ಬೀಗ ಹಾಕಿಕೊಂಡಿರುತ್ತವೆ, ಹೊಸ ವಿಂಡೋಸ್‌ಗೆ ಆ ಬೀಗ ತೆರೆಯಲು ಬರುವುದಿಲ್ಲ. ಸಿಂಕ್ ಆನ್ ಮಾಡಿ, ಇಲ್ಲವೇ ಎಕ್ಸ್‌ಪೋರ್ಟ್ ಮಾಡಿ. ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ಯಾರು ಬೇಕಾದರೂ ಓದಬಹುದು, ಕೆಲಸ ಮುಗಿದ ಕೂಡಲೇ ಅಳಿಸಿಬಿಡಿ.

ಒನ್‌ಡ್ರೈವ್ ಬಳಸುವವರು ಫೈಲುಗಳ ಪಕ್ಕದಲ್ಲಿ ಮೋಡದ ಚಿತ್ರ ಇದೆಯಾ ನೋಡಿ. ಇದ್ದರೆ ಆ ಫೈಲ್ ನಿಮ್ಮ ಡಿಸ್ಕ್‌ನಲ್ಲಿ ಇಲ್ಲ, ಹೆಸರು ಮಾತ್ರ ಇದೆ. ನಕಲು ಮಾಡಬೇಕಾದರೆ ಇಂಟರ್‌ನೆಟ್ ಬೇಕು.

ಇನ್ನು ಹಳೆಯ ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ಇಡೀ ಫೋಲ್ಡರ್ ಎಳೆಯುವ ಸಾಹಸ ಬೇಡ. ಬಹಳ ಮುಖ್ಯವಾದ ಫೈಲುಗಳನ್ನು ಮೊದಲು ತೆಗೆಯಿರಿ, ಅದು ಎಷ್ಟು ಹೊತ್ತು ನಡೆಯುತ್ತದೆ ಅಂತ ಹೇಳಲಾಗದು. ಫಾರ್ಮ್ಯಾಟ್‌ಗೆ ಕಾರಣ ವೈರಸ್ ಆಗಿದ್ದರೆ ದಾರಿಯೇ ಬೇರೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಹೊಸ ಡಿಸ್ಕನ್ನೂ ಬಿಡುವುದಿಲ್ಲ. ಆಗ ಆ ವಿಂಡೋಸ್ ಆನ್ ಮಾಡದೆ, ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಫೋಟೊ, ಡಾಕ್ಯುಮೆಂಟ್ ಮಾತ್ರ ತೆಗೆಯಿರಿ. ಡಿಸ್ಕ್‌ಗೆ ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್ ಇದ್ದರೆ ಇಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಲೀಕರಿಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ, ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ.

ನಕಲು ಮುಗಿಯಿತು ಅಂದ ಮಾತ್ರಕ್ಕೆ ಆಯಿತು ಅನ್ನಬೇಡಿ. ಎರಡೂ ಕಡೆಯ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಫೈಲುಗಳ ಸಂಖ್ಯೆ ಹೋಲಿಸಿ. ಆ್ಯಪ್‌ಡೇಟಾದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಪಿಕ್ಚರ್ಸ್‌ನಲ್ಲಿ ಇರಬಾರದು. ಒಂದಷ್ಟು ಫೋಟೊ, ಒಂದು ದೊಡ್ಡ ವಿಡಿಯೊ ಹೊಸ ಡಿಸ್ಕ್‌ನಿಂದಲೇ ತೆರೆದು ನೋಡಿ. ವಿಡಿಯೊವನ್ನು ಕೊನೆಯ ತನಕ ಓಡಿಸಿ.

ಬಿಚ್ಚಿಡಿ

ಜನ ದಾಟಿಸಿಬಿಡುವುದು ಇದನ್ನೇ. ಶಟ್‌ಡೌನ್ ಮಾಡಿ ಹೊಸ ಡಿಸ್ಕ್‌ನ ಎರಡೂ ಕೇಬಲ್ ಕಿತ್ತಿಡಿ, ಆಮೇಲಷ್ಟೇ ಫಾರ್ಮ್ಯಾಟ್‌ಗೆ ಕೈ ಹಾಕಿ. ಕಾರಣ ಇಷ್ಟೆ: ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಪರದೆಯ ಮೇಲೆ 'ಡ್ರೈವ್ 0', 'ಡ್ರೈವ್ 1' ಅಂತ ಬರಿ ನಂಬರ್ ಕಾಣುತ್ತವೆ. ಎರಡೂ 1 ಟಿಬಿ ಇದ್ದರೆ ಯಾವುದು ಯಾವುದು ಅಂತ ಹೇಳುವುದು ಹೇಗೆ? ಸಿ, ಡಿ ಅಕ್ಷರಗಳನ್ನೂ ನೆಚ್ಚುವಂತಿಲ್ಲ. ರೀಸೆಟ್‌ನಲ್ಲಿ 'ರಿಮೂವ್ ಎವೆರಿಥಿಂಗ್' ಆರಿಸಿದರೂ ವಿಂಡೋಸ್ ಇರುವ ಡ್ರೈವ್ ಮಾತ್ರ ಅಳಿಸಬೇಕೋ, ಎಲ್ಲಾ ಡ್ರೈವ್ ಅಳಿಸಬೇಕೋ ಅನ್ನುವ ಪ್ರಶ್ನೆ ಬರುತ್ತದೆ. ಅವಸರದಲ್ಲಿ ಎಲ್ಲಾ ಅಂತ ಒತ್ತಿದರೆ ಮುಗಿಯಿತು. ಕೇಬಲ್ಲೇ ಇಲ್ಲದ ಡಿಸ್ಕನ್ನು ಅಳಿಸಲು ಯಾರಿಂದಲೂ ಆಗುವುದಿಲ್ಲ. ಕಂಪ್ಯೂಟರನ್ನು ರಿಪೇರಿಗೆ ಕೊಡುವುದಾದರೂ ಅಷ್ಟೇ, ಈ ಡಿಸ್ಕ್ ಮನೆಯಲ್ಲೇ ಇರಲಿ.

ಫಾರ್ಮ್ಯಾಟ್ ಮುಗಿದು, ಡ್ರೈವರ್, ಅಪ್‌ಡೇಟ್ ಎಲ್ಲಾ ಆದ ಮೇಲೆ ಮತ್ತೆ ಆಫ್ ಮಾಡಿ ಕೇಬಲ್ ಹಾಕಿ. ಈ ಡಿಸ್ಕ್‌ಗೆ ಮತ್ತೆ ಫಾರ್ಮ್ಯಾಟ್ ಬೇಕಿಲ್ಲ, ತಾನಾಗಿಯೇ ಕಾಣುತ್ತದೆ. ಹಳೆಯ ಫೋಲ್ಡರ್ ತೆರೆಯಲು ಹೋದಾಗ 'ನಿಮಗೆ ಅನುಮತಿ ಇಲ್ಲ' ಅನ್ನಬಹುದು. ಹಳೆಯ ಖಾತೆಗೂ ಹೊಸ ಖಾತೆಗೂ ಹೆಸರು ಒಂದೇ ಇದ್ದರೂ ವಿಂಡೋಸ್ ಲೆಕ್ಕದಲ್ಲಿ ಅವು ಬೇರೆ ಬೇರೆ ವ್ಯಕ್ತಿಗಳು. 'ಕಂಟಿನ್ಯೂ' ಒತ್ತಿ ಸ್ವಲ್ಪ ಹೊತ್ತು ಕಾಯಿರಿ. ಫೈಲುಗಳನ್ನು ವಾಪಸ್ ತರುವಾಗ ಕಟ್ ಬೇಡ, ಕಾಪಿ ಮಾಡಿ. ಆ್ಯಪ್‌ಡೇಟಾವನ್ನು ಇಡಿಯಾಗಿ ಹೊಸದರ ಮೇಲೆ ಸುರಿಯಬೇಡಿ, ಯಾವ ಪ್ರೋಗ್ರಾಂಗೆ ಬೇಕೋ ಅದರ ಫೋಲ್ಡರ್ ಮಾತ್ರ ಹುಡುಕಿ ತನ್ನಿ, ಇಲ್ಲವಾದರೆ ಹಳೆಯ ತೊಂದರೆಯೂ ಅದರ ಜೊತೆಯಲ್ಲೇ ಬಂದು ಕೂರಬಹುದು.