ತಡಸಲ ಬಿಲ್ಲಿಗೆ ಮೇಕೆ ಚರ್ಮದ ಹೆದೆ

ತಡಸಲ ಮರದಲ್ಲಿ ಕೆತ್ತಿದ ಬಿಲ್ಲಿಗೆ ನೈಲಾನ್ ದಾರ ಬಿಗಿಯಲು ನನಗೆ ಮನಸ್ಸು ಬರುವುದಿಲ್ಲ. ಬಿಲ್ಲು ನಾನೇ ಮಾಡಿದ್ದು. ಹೆದೆಯನ್ನೂ ನಾನೇ ಮಾಡಿಕೊಳ್ಳುತ್ತೇನೆ, ಮೇಕೆಯ ಚರ್ಮದಿಂದ. ಚೀಲ, ಚಪ್ಪಲಿಗೆ ಬಳಸುವ ಹದ ಮಾಡಿದ ಚರ್ಮ ಇದಕ್ಕೆ ಒದಗುವುದಿಲ್ಲ, ಎಳೆದಷ್ಟೂ ಹಿಗ್ಗುತ್ತದೆ. ಡೊಳ್ಳಿಗೆ, ತಮಟೆಗೆ ಹೊದಿಸುವಂಥದ್ದು, ಕೂದಲು ತೆಗೆದು ಹಾಗೆಯೇ ಒಣಗಿಸುವ ಚರ್ಮ ಬೇಕು.

ಮಾಂಸದಂಗಡಿಯಿಂದ ತಂದ ದಿನವೇ ಚರ್ಮವನ್ನು ತೊಳೆದು ಸುಣ್ಣದ ನೀರಿನಲ್ಲಿ ಮುಳುಗಿಸುತ್ತೇನೆ. ದಿನಕ್ಕೆರಡು ಸಲ ಕೋಲಿನಿಂದ ಮಗುಚಬೇಕು, ಕೈಗವಸು ಮರೆಯಬಾರದು. ನಾಲ್ಕೈದು ದಿನದಲ್ಲಿ ಕೂದಲು ಸಡಿಲವಾಗುತ್ತದೆ. ಆಗ ದಿಮ್ಮಿಯ ಮೇಲೆ ಹಾಸಿ, ಕತ್ತಿಯ ಹಿಂಬದಿಯಿಂದ ಕೂದಲು, ಕೊಬ್ಬು, ಪೊರೆ ಎಲ್ಲವನ್ನೂ ಹೆರೆದು ತೆಗೆಯುತ್ತೇನೆ.

ಅವಸರ ಮಾಡಬಾರದ ಕೆಲಸ ಮುಂದಿನದು. ಒಳಗೆ ಸುಣ್ಣ ಉಳಿದರೆ ಒಣಗಿದ ಹೆದೆ ಪೆಡಸಾಗಿ ಬಿರಿಯುತ್ತದೆ. ಹಲವು ನೀರು ಬದಲಿಸಿ ತೊಳೆದ ಮೇಲೂ, ಹುಳಿ ಬಂದ ತೌಡಿನ ನೀರಿನಲ್ಲಿ ಒಂದು ರಾತ್ರಿ ನೆನೆಸುತ್ತೇನೆ. ಸುಣ್ಣ ಕುಡಿದ ಚರ್ಮ ಉಬ್ಬಿಕೊಂಡು ರಬ್ಬರಿನಂತೆ ಪುಟಿಯುತ್ತದೆ. ಸುಣ್ಣ ಬಿಟ್ಟ ಚರ್ಮ ಜೋಲಾಗಿ, ಹೆಬ್ಬೆರಳು ಒತ್ತಿದ ಗುರುತನ್ನು ಹಾಗೆಯೇ ಹಿಡಿದುಕೊಳ್ಳುತ್ತದೆ. ಆ ಗುರುತು ನಿಲ್ಲುವವರೆಗೂ ನಾನು ಚಾಕು ಮುಟ್ಟುವುದಿಲ್ಲ.

ಹೊಟ್ಟೆಯ ಭಾಗ ತೆಳು, ಹಿಗ್ಗುವುದೂ ಹೆಚ್ಚು. ಬೆನ್ನಿನ ಕಡೆಯಿಂದ ಒಂದಡಿ ಅಗಲದ ದುಂಡು ತುಂಡು ತೆಗೆದು, ಅಂಚಿನಿಂದ ಒಳಮುಖವಾಗಿ ಸುತ್ತುತ್ತಾ 8 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿದರೆ ಒಂದೇ ಉದ್ದನೆಯ ಬಾರು ಸಿಗುತ್ತದೆ. ಐದೂವರೆ ಅಡಿಯ ಬಿಲ್ಲಿಗೆ ಎಂಟೆಂಟು ಅಡಿಯ ಮೂರು ಎಳೆಗೆ ಅಷ್ಟು ಸಾಕು. ಬಿಲ್ಲಿನ ಎಳೆತ, ಅಂದರೆ ಹೆದೆಯನ್ನು ಪೂರ್ತಿ ಎಳೆಯಲು ಬೇಕಾದ ಬಲ, 35 ಪೌಂಡ್ ಇದ್ದರೆ ಹೆದೆ ಅದರ ನಾಲ್ಕು ಪಟ್ಟು, 140 ಪೌಂಡ್, ತಾಳಬೇಕು. ಆದ್ದರಿಂದ ಗಾಯದ ಕಲೆಯಿರುವ ಬಾರನ್ನು ನಿರ್ದಾಕ್ಷಿಣ್ಯವಾಗಿ ಬಿಡುತ್ತೇನೆ.

ಒದ್ದೆಯಿರುವಾಗಲೇ ಪ್ರತಿ ಎಳೆಯನ್ನೂ ಒಂದೇ ದಿಕ್ಕಿಗೆ ಹುರಿ ಮಾಡಿ, ಮೂರನ್ನೂ ಸೇರಿಸಿ ಎದುರು ದಿಕ್ಕಿಗೆ ಹೊಸೆಯುತ್ತೇನೆ. ನಂತರ ತೊಲೆಗೆ ಕಟ್ಟಿ ಕೆಳಗೆ ಹತ್ತು ಕಿಲೋ ಕಲ್ಲು ತೂಗುಬಿಡುತ್ತೇನೆ. ಕಲ್ಲು ತಿರುಗಿದರೆ ಹುರಿ ಬಿಚ್ಚಿಕೊಳ್ಳುತ್ತದೆ. ಅದಕ್ಕೊಂದು ಅಡ್ಡಕೋಲು ಕಟ್ಟಿ ಗೋಡೆಗೆ ಆನಿಸುತ್ತೇನೆ. ಹೆದೆಯ ಗುಣವೆಲ್ಲ ಹುಟ್ಟುವುದು ಇಲ್ಲಿಯೇ: ಎಳೆತದಲ್ಲಿ ಒಣಗಿದಾಗ ಚರ್ಮದ ನಾರುಗಳು ಉದ್ದಕ್ಕೆ ಸಾಲುಗೂಡುತ್ತವೆ, ಮುಂದೆ ಹಿಗ್ಗುವುದು ಕಡಿಮೆಯಾಗುತ್ತದೆ. ನೆರಳಿನಲ್ಲಿಯೇ ಒಣಗಬೇಕು. ಬೇಗ ಆಗಲೆಂದು ಬೆಂಕಿಯ ಹತ್ತಿರ ಇಟ್ಟರೆ, 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಒದ್ದೆ ಚರ್ಮ ಮುರುಟಿ ಅಂಟಾಗುತ್ತದೆ.

ಒಣಗಿದ ಹೆದೆಯ ಚೂಪು ಅಂಚುಗಳನ್ನು ಮರಳು ಕಾಗದದಿಂದ ಉಜ್ಜಿ, ಕರಗಿಸಿದ ಕೊಬ್ಬು ಮತ್ತು ಜೇನುಮೇಣದಲ್ಲಿ ಬಟ್ಟೆ ಅದ್ದಿ ತೆಳುವಾಗಿ ಸವರುತ್ತೇನೆ. ಜಿಡ್ಡು ಹೆಚ್ಚಾದರೆ ಚರ್ಮ ಮೆತ್ತಗಾಗಿ ಮತ್ತೆ ಹಿಗ್ಗತೊಡಗುತ್ತದೆ. ತುದಿಗಳನ್ನು ಮಾತ್ರ ತುಸು ನೆನೆಸಿ, ಮೇಲೆ ಕುಣಿಕೆ, ಕೆಳಗೆ ಬಿಚ್ಚಿ ಬಿಗಿಯಬಹುದಾದ ಗಂಟು ಹಾಕುತ್ತೇನೆ. ಮೊದಲ ಕೆಲವು ದಿನ ಹೆದೆ ಸಡಿಲಾಗುವುದರಿಂದ ಆ ಗಂಟು ಬೇಕೇ ಬೇಕು. ನಡುವೆ, ಬಾಣ ಕೂರುವ ಕಡೆ, ಹತ್ತಿದಾರ ಸುತ್ತುತ್ತೇನೆ. ಈ ಹೆದೆ ದಪ್ಪ, ಬಾಣದ ಹಿಂಬದಿಯ ಕಚ್ಚನ್ನೂ ಅಗಲ ಮಾಡಬೇಕು. ತೂಕದಿಂದಾಗಿ ಬಾಣದ ವೇಗವೂ ತುಸು ತಗ್ಗುತ್ತದೆ. ನನಗೆ ಅದು ಒಪ್ಪಿಗೆ.

ಒಪ್ಪಿಗೆಯಾಗದ್ದು ಮಳೆ. ತೇವ ಹೀರಿದ ಹೆದೆಗೆ ಬಿಗಿಯೂ ಇಲ್ಲ, ಬಲವೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತಾಳೆ ನಾರಿನ ಹೆದೆಯೇ ಸರಿ. ಚರ್ಮದ್ದನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಇಡುತ್ತೇನೆ, ಇಲಿಗಳು ಅದನ್ನು ಬಿಡುವುದಿಲ್ಲ.