ಕಬಡ್ಡಿ ಆಟಕ್ಕೆ ಒಗ್ಗಿದ ಯುಡಿಪಿ

ಗೆಳೆಯನೊಂದಿಗೆ ಮಾಡುತ್ತಿರುವ ಮೊಬೈಲ್ ಕಬಡ್ಡಿ ಆಟ ಧಾರವಾಡದ ಮನೆಯ ವೈಫೈನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಹುಬ್ಬಳ್ಳಿಯ ಚಿಗರಿ ಬಸ್ಸಿನಲ್ಲಿ ಕುಳಿತು ಆಡಿದರೆ ಮಾತ್ರ ರೈಡರ್ ನಿಂತಲ್ಲೇ ನಿಂತು, ಆಮೇಲೆ ಒಮ್ಮೆಲೇ ಅಂಕಣದ ಆಚೆಗೆ ಹಾರುತ್ತಿದ್ದ. ಕಾರಣ ಟಿಸಿಪಿ, ಅಂದರೆ ಮಾಹಿತಿಯನ್ನು ಕ್ರಮ ತಪ್ಪದೆ ತಲುಪಿಸುವ ಜಾಲದ ನಿಯಮ: ಒಂದು ಪ್ಯಾಕೆಟ್ (ಮಾಹಿತಿಯ ತುಣುಕು) ಕಳೆದರೆ ಅದು ಮರಳಿ ಬರುವವರೆಗೆ ಅದರ ಬೆನ್ನಿಗೆ ಬಂದವೆಲ್ಲ ಕಾಯಬೇಕು. ತಲುಪಿತೇ ಎಂದು ನೋಡದೆ ಪ್ಯಾಕೆಟ್ ಕಳಿಸಿಬಿಡುವ ಬರೀ ಯುಡಿಪಿಗೆ ಬದಲಾಯಿಸಿದಾಗ ಓಟ ಸರಿಹೋಯಿತು, ಅಂಕಗಳು ಮಾಯವಾದವು!

2021ರಲ್ಲಿ ಮಾನಕವಾದ ಕ್ವಿಕ್ (QUIC) ಎಂಬ ಇನ್ನೊಂದು ಜಾಲದ ನಿಯಮವನ್ನೂ ನೋಡಿದೆವು. ಐಪಿ ವಿಳಾಸ ಬದಲಾದರೂ ಸಂಪರ್ಕ ಉಳಿಸಿಕೊಳ್ಳುವ ಜಾಣತನ ಅದಕ್ಕಿದೆ, ಆದರೆ ನಮ್ಮ ಪುಟ್ಟ ಆಟಕ್ಕೆ ಭಾರ ಎನಿಸಿತು. ಕೊನೆಗೆ ಒಗ್ಗಿದ್ದು ಈನೆಟ್ (ENet) ಎಂಬ, ಸಿ ಭಾಷೆಯ ಮುಕ್ತ ಲೈಬ್ರರಿ (ಸಿದ್ಧ ಕೋಡಿನ ಸಂಗ್ರಹ). ಅದು ಕೆಲಸ ಮಾಡುವುದು ಯುಡಿಪಿ ಮೇಲೆಯೇ. ಯಾವ ಪ್ಯಾಕೆಟ್ ಖಂಡಿತ ತಲುಪಬೇಕು ಎಂಬ ತೀರ್ಮಾನ ಮಾತ್ರ ನಮ್ಮದು. ಅಂಕ, ಔಟ್, ಬೋನಸ್ ಎಲ್ಲವೂ ಚಾನೆಲ್ (ಪ್ಯಾಕೆಟ್‌ಗಳ ಪ್ರತ್ಯೇಕ ಸಾಲು) 0ರಲ್ಲಿ, ಖಂಡಿತ ತಲುಪಬೇಕೆಂಬ ರಿಲಯಬಲ್ ಗುರುತಿನೊಂದಿಗೆ. ಆಟಗಾರರ ಸ್ಥಾನ ಚಾನೆಲ್ 1ರಲ್ಲಿ, ಗುರುತಿಲ್ಲದೆ. ತಡವಾಗಿ ಬಂದ ಹಳೆಯ ಸ್ಥಾನವನ್ನು ಈನೆಟ್ ತಾನೇ ಎಸೆಯುತ್ತದೆ. ಕ್ರಮಪಾಲನೆ ಆಯಾ ಚಾನೆಲ್‌ಗೆ ಸೀಮಿತವಾದ್ದರಿಂದ ಅಂಕ ತಡವಾದರೂ ಓಟ ನಿಲ್ಲುವುದಿಲ್ಲ.

ಪ್ಯಾಕೆಟ್ ಕಳಿಸಿ ಪಡೆಯುವ ಈನೆಟ್‌ನ ಸರ್ವಿಸ್ ಫಂಕ್ಷನ್ ಅನ್ನು ಪ್ರತಿ ಫ್ರೇಮಿನಲ್ಲೂ ಕರೆಯುತ್ತಿರಬೇಕು. ಚಿತ್ರಗಳು ಲೋಡ್ ಆಗುವಾಗ ಆ ಕರೆ ಬಹಳ ಹೊತ್ತು ನಿಂತರೆ, ಪ್ಯಾಕೆಟ್ ಸಿಕ್ಕಿತು ಎಂಬ ಸ್ವೀಕೃತಿ ಹೋಗದೆ ಸಂಪರ್ಕ ಕಡಿಯುತ್ತದೆ. ಗೂಢಲಿಪೀಕರಣವೂ ಈನೆಟ್‌ನಲ್ಲಿಲ್ಲ, ಹಾಗಾಗಿ ಲಾಗಿನ್ ಅನ್ನು ಅದಿರುವ ಎಚ್‌ಟಿಟಿಪಿಎಸ್‌ನಲ್ಲೇ ಬಿಟ್ಟಿದ್ದೇವೆ.