ಟಿಎಸ್‌ಎಚ್ ಏರಿತೆಂದು ಮಾತ್ರೆ ಅರ್ಧ ಮಾಡಬೇಡಿ

ಉಡುಪಿಯಲ್ಲಿ ಔಷಧದಂಗಡಿ ಇಟ್ಟವಳು ನಾನು. ಚೀಟಿಗಿಂತ ಮೊದಲು ಜನ ಕೌಂಟರಿನ ಮೇಲೆ ಹರಡುವುದು ಲ್ಯಾಬ್ ರಿಪೋರ್ಟನ್ನು. ಕಳೆದ ಮಳೆಗಾಲದಲ್ಲಿ ಒಬ್ಬರು ಅಕ್ಕ ಬಂದು, ‘ಥೈರಾಯ್ಡ್ 14ಕ್ಕೆ ಹೋಗಿದೆ ಮಾರಾಯ್ರೆ. ಜಾಸ್ತಿ ಆಯ್ತಲ್ಲ ಅಂತ ಮಾತ್ರೆ ಅರ್ಧ ಮಾಡಿದ್ದೇನೆ’ ಎಂದರು. ಮುಖ ಊದಿಕೊಂಡಿತ್ತು. ಮೂರು ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು.

ಆ 14 ಟಿಎಸ್‌ಎಚ್‌ನ ಸಂಖ್ಯೆ. ಟಿಎಸ್‌ಎಚ್ ಎಂದರೆ ಥೈರಾಯ್ಡ್ ಗ್ರಂಥಿಯ ಹಾರ್ಮೋನಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ‘ಕೆಲಸ ಮಾಡು’ ಎಂದು ಕೂಗುವ ಕೂಗು ಅದು. ಡಬ್ಬಿಯಲ್ಲಿ ಅಕ್ಕಿ ತಳ ಕಂಡಷ್ಟೂ ಅಮ್ಮನ ಸ್ವರ ಏರುವ ಹಾಗೆ, ಥೈರಾಯ್ಡ್ ಹಾರ್ಮೋನು ಕಡಿಮೆಯಾದಷ್ಟೂ ಟಿಎಸ್‌ಎಚ್ ಏರುತ್ತದೆ. ಥೈರಾಯ್ಡ್ ಕಡಿಮೆಯಿದ್ದು ಲಿವೋಥೈರಾಕ್ಸಿನ್, ಅಂದರೆ ಆ ಹಾರ್ಮೋನನ್ನೇ ಹೊರಗಿನಿಂದ ಕೊಡುವ ಮಾತ್ರೆ, ನುಂಗುವವರಿಗಷ್ಟೇ ಈ ಬರಹ. ಹೆಚ್ಚಿರುವವರ ಮದ್ದೂ ಬೇರೆ, ಲೆಕ್ಕವೂ ಬೇರೆ.

ಮೊದಲು, ನುಂಗುವುದು. ಖಾಲಿ ಹೊಟ್ಟೆ, ಬರೀ ನೀರು, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಇಲ್ಲ. ಚಾ, ಕಾಫಿ, ಜೀರಿಗೆ ಕಷಾಯ ಎಲ್ಲವೂ ‘ಏನೂ’ ಎಂಬುದರಲ್ಲೇ ಬರುತ್ತವೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುವ ಪಾಲೆ ಮರದ ತೊಗಟೆಯ ಕಷಾಯ ಮೊದಲೋ ಮಾತ್ರೆ ಮೊದಲೋ ಎಂದು ಕೇಳುವವರಿದ್ದಾರೆ. ಆ ದಿನದ ಮಾತ್ರೆಯನ್ನು ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ತೆಗೆದುಕೊಂಡರಾಯಿತು.

ಮಾತ್ರೆ ಬಂದ ಬಾಟಲಿಯಲ್ಲೇ ಇರಲಿ, ಮುಚ್ಚಳ ಬಿಗಿಯಾಗಿರಲಿ, ಒಲೆಯ ಪಕ್ಕದ ಕಪಾಟು ಬೇಡ. ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ನಮ್ಮ ಜುಲೈ ತಿಂಗಳಿಗೆ ಹೇಳಿ ಮಾಡಿಸಿದ್ದಲ್ಲ, ತೇವ ಎಳೆದು ಮಾತ್ರೆ ಕೆಡುತ್ತದೆ. ಕಂಪನಿಯನ್ನೂ ಸುಮ್ಮಸುಮ್ಮನೆ ಬದಲಿಸಬೇಡಿ. ‘ಥೈರಾಯ್ಡ್ ಬೂಸ್ಟರ್’ ಎಂಬ ಪುಡಿಗಳನ್ನು ನಾನು ಅಂಗಡಿಗೆ ತರಿಸುವುದೇ ಇಲ್ಲ.

ಜನ ಎಡವುವುದು ರಕ್ತ ಕೊಡುವ ಹಂತದಲ್ಲಿ. ಡೋಸ್ ಬದಲಾಗಿ ಎರಡೇ ವಾರಕ್ಕೆ ಲ್ಯಾಬಿಗೆ ಓಡುತ್ತಾರೆ. ಮಾತ್ರೆಯ ಹಾರ್ಮೋನು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಹೊಸ ಡೋಸ್ ಒಂದು ಮಟ್ಟಕ್ಕೆ ನಿಂತು, ಪಿಟ್ಯುಟರಿ ಅದಕ್ಕೆ ಒಗ್ಗಿಕೊಳ್ಳಲು ಆರರಿಂದ ಎಂಟು ವಾರ. ಅದಕ್ಕಿಂತ ಮೊದಲು ಸಿಗುವುದು ದಾರಿಮಧ್ಯದ ಸಂಖ್ಯೆ. ಅದನ್ನು ನೋಡಿ ಮತ್ತೆ ಡೋಸ್ ಬದಲಿಸಿದರೆ ಟಿಎಸ್‌ಎಚ್ ವರ್ಷವಿಡೀ ಉಯ್ಯಾಲೆಯಾಡುತ್ತದೆ.

ಆರು ವಾರ ಕಾದರೂ ಕೆಲವು ಸಂಗತಿ ಬಾಕಿ. ಟಿಎಸ್‌ಎಚ್ ಮುಂಜಾನೆ ಹೆಚ್ಚು, ಮಧ್ಯಾಹ್ನ ಕಡಿಮೆ. ಹಾಗಾಗಿ ಪ್ರತಿ ಸಲವೂ ಅದೇ ಲ್ಯಾಬ್, ಹೆಚ್ಚುಕಡಿಮೆ ಅದೇ ಹೊತ್ತು. ಮಾತ್ರೆಯನ್ನು ಪರ್ಸಿನಲ್ಲಿ ಕಟ್ಟಿಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಿ. ಮೊದಲೇ ನುಂಗಿದರೆ ಕೆಲವು ಗಂಟೆ ಟಿ4, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು, ಸುಮ್ಮನೆ ಏರಿ ಕಾಣುತ್ತದೆ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಿನ್ನುವವರು ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಬೇಕು. ಕೆಲವು ಲ್ಯಾಬ್‌ಗಳ ವಿಧಾನದಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳಾಗಿ ಇಳಿಸಿ ತೋರಿಸುತ್ತದೆ. ಕೂದಲು ಉದುರಿಸಿದ್ದು ಥೈರಾಯ್ಡ್, ಕೂದಲಿಗೆಂದು ತಿಂದದ್ದು ಥೈರಾಯ್ಡ್ ಪರೀಕ್ಷೆಯನ್ನೇ ಕೆಡಿಸಿತು! ಇನ್ನು ತಿಂಗಳೆಲ್ಲ ಮರೆತು, ಕೊನೆಯ ವಾರ ಶ್ರದ್ಧೆಯಿಂದ ನುಂಗಿ ಹೋಗುವವರ ಟಿ4 ಚೆನ್ನಾಗಿರುತ್ತದೆ, ಟಿಎಸ್‌ಎಚ್ ಮಾತ್ರ ಏರಿಯೇ ಇರುತ್ತದೆ. ಡಾಕ್ಟರಿಗೆ ಈ ಆಟ ಚೆನ್ನಾಗಿ ಗೊತ್ತು.

ರಿಪೋರ್ಟ್ ಕೈಗೆ ಬಂದ ಮೇಲೆ ಅದರ ಹಿಂಬದಿಯಲ್ಲಿ ಬರೆಯಿರಿ: ಈಗಿನ ಡೋಸ್, ತಪ್ಪಿದ ದಿನ, ಹೊಸ ಮದ್ದು, ಮೈಯ ಸ್ಥಿತಿ. ಲ್ಯಾಬಿನವರು ಸಾಮಾನ್ಯವಾಗಿ ಅಚ್ಚು ಹಾಕುವ ಟಿಎಸ್‌ಎಚ್ ಮಿತಿ ಸುಮಾರು 0.4ರಿಂದ 4 ಅಥವಾ 5. ಸುಸ್ತು, ಮಲಬದ್ಧತೆ, ಒಣ ಚರ್ಮ, ಸೆಖೆಯಲ್ಲೂ ಚಳಿ, ಜೊತೆಗೆ ಏರಿದ ಟಿಎಸ್‌ಎಚ್ ಇದ್ದರೆ ಡೋಸ್ ಸಾಲುತ್ತಿಲ್ಲದಿರಬಹುದು, ಬೆಳಗಿನ ಚಾ ಅದನ್ನು ನುಂಗುತ್ತಿರಲೂಬಹುದು. ಎರಡನೆಯದನ್ನು ಮೊದಲು ವಿಚಾರಿಸಿಕೊಳ್ಳಿ. ಟಿಎಸ್‌ಎಚ್ ಮಿತಿಗಿಂತ ಕೆಳಗಿಳಿದು ಎದೆ ಡವಡವ, ಕೈ ನಡುಕ, ಬೆವರು, ನಿದ್ದೆಯಿಲ್ಲ ಎಂದರೆ ಡೋಸ್ ಹೆಚ್ಚಾಗಿರಬಹುದು. ಇದಕ್ಕೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯಬೇಡಿ. ಹಾಗೆಯೇ ಬಿಟ್ಟರೆ ಹೃದಯದ ಲಯ ತಪ್ಪೀತು, ಮೂಳೆ ಸವೆದೀತು. ಟಿಎಸ್‌ಎಚ್ ಸರಿಯಿದ್ದೂ ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್, ಬಿ12 ನೋಡಿಸಿ. ತೂಕ ಇಳಿಸಲು ಮಾತ್ರೆ ಏರಿಸುವುದಂತೂ ಬೇಡವೇ ಬೇಡ.

ಡಾಕ್ಟರು ಸಾಮಾನ್ಯವಾಗಿ ಏರಿಸುವುದು, ಇಳಿಸುವುದು 12.5 ಅಥವಾ 25 ಮೈಕ್ರೋಗ್ರಾಂ. ಆಮೇಲೆ ಮತ್ತೆ ಆರು ವಾರ. ಸಂಖ್ಯೆ ನಿಂತ ಮೇಲೆ ಆರು ತಿಂಗಳಿಗೊಮ್ಮೆ, ಬಳಿಕ ವರ್ಷಕ್ಕೊಮ್ಮೆ ನೋಡಿಸಿದರೆ ಸಾಕು.

ಬಸುರಿಯರಿಗೆ ಮಾತ್ರ ಈ ಆರು ವಾರದ ಲೆಕ್ಕ ಇಲ್ಲ. ಮೊದಲ ತಿಂಗಳುಗಳಲ್ಲೇ ಹಾರ್ಮೋನಿನ ಅಗತ್ಯ ಕಾಲುಭಾಗದಷ್ಟು ಏರಬಹುದು. ಗೊತ್ತಾದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಐದು ತಿಂಗಳು ತುಂಬುವವರೆಗೆ ಸುಮಾರು ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಬೇಕಾಗುತ್ತದೆ. ಕಬ್ಬಿಣದ ಮಾತ್ರೆಯೂ ಆಗಲೇ ಶುರುವಾಗುವುದರಿಂದ ಅದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ದೂಡಿ.